ಪುರಸಭೆ ಸದಸ್ಯರು ಸಾರ್ವಜನಿಕವಾಗಿ ಅವಮಾನಿಸಿದರೆ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?

ಪ್ರಶ್ನೆ: ನಿವಾಸಿ, ಮಂಡ್ಯ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಕಳೆದ ತಿಂಗಳು ನಮ್ಮ ವಾರ್ಡಿನಲ್ಲಿ ನೀರಿನ ಟ್ಯಾಂಕಿನ ಕಾಮಗಾರಿಗೆ ಗುದ್ದಲಿ ಪೂಜೆ ನಡೆಯಿತು. ಭಾಷಣಗಳು ಮುಗಿಯುವ ಹೊತ್ತಿಗೆ, ಪುರಸಭೆಯಲ್ಲಿ ಪೌರಕಾರ್ಮಿಕರಾಗಿರುವ ಮತ್ತು ಹಿಂದಿನ ಬೀದಿಯಲ್ಲಿ ವಾಸಿಸುವ ಮಹಿಳೆಯೊಬ್ಬರು ಎದ್ದು ನಿಂತು, ಮೇಲಿನ ಬೀದಿಗಳಿಗೆ ನೀರು ಬಿಟ್ಟು ಉಳಿದದ್ದಷ್ಟೇ ತಮ್ಮ ಬೀದಿಗೆ ಬರುತ್ತಿದೆ, ಟ್ಯಾಂಕ್ ಮುಗಿಯುವವರೆಗೆ ಏನಾದರೂ ವ್ಯವಸ್ಥೆ ಮಾಡಿಕೊಡಿ ಎಂದು ವಿನಯದಿಂದಲೇ ಕೇಳಿಕೊಂಡರು. ವೇದಿಕೆಯಲ್ಲಿದ್ದ ನಮ್ಮ ವಾರ್ಡಿನ ಸದಸ್ಯರು ಮೈಕ್ ಹಿಡಿದು, ಏಕವಚನದಲ್ಲಿ, ನಿಮ್ಮ ಮನೆಯಲ್ಲಿ ಕೇಳಲು ಗಂಡಸರಿಲ್ಲವೇ ಎಂದು ಗದರಿದರು. ಅಲ್ಲಿಗೂ ನಿಲ್ಲಿಸದೆ ಆಕೆಯ ಜಾತಿಯನ್ನು ಎತ್ತಿ, ಆ ಬೀದಿಯವರೆಲ್ಲರ ಹುಟ್ಟು ಮತ್ತು ಶುಚಿತ್ವದ ಬಗ್ಗೆ ಇಲ್ಲಿ ಬರೆಯಬಾರದಂಥ ಮಾತುಗಳನ್ನಾಡಿದರು. ಪರಿಶಿಷ್ಟ ಜಾತಿಯ ಕುಟುಂಬಗಳೇ ಹೆಚ್ಚಾಗಿರುವ ಬೀದಿ ಅದು. ಮುಂದಿನ ಸಾಲಿನಲ್ಲಿದ್ದ ಕೆಲವರು ನಕ್ಕರು. ಆಕೆ ಮತ್ತೆ ಮಾತನಾಡದೆ ಹೊರಟುಹೋದರು.

ಇದನ್ನು ಯಾರೋ ಮೊಬೈಲಿನಲ್ಲಿ ಚಿತ್ರೀಕರಿಸಿದ್ದರು. ವಿಡಿಯೊ ಊರಿಗೆಲ್ಲ ಹರಡಿದ ಮೇಲೆ ಸದಸ್ಯರು ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ, ಮಾತಿನ ಭರದಲ್ಲಿ ಬಂದದ್ದು, ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ ಎಂದು ಬರೆದರು. ನಾವು ಕೆಲವರು ಪುರಸಭೆ ಅಧ್ಯಕ್ಷರನ್ನು ಭೇಟಿ ಮಾಡಿದಾಗ, ಅದು ಪುರಸಭೆಯ ಸಭೆಯಲ್ಲಿ ಆಡಿದ ಮಾತಲ್ಲವಾದ್ದರಿಂದ ತಾವು ಏನೂ ಮಾಡಲಾಗದು ಎಂದರು. ಚುನಾಯಿತರ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ತಮಗಿಲ್ಲ ಎಂಬುದು ಮುಖ್ಯಾಧಿಕಾರಿಗಳ ಉತ್ತರ. ಠಾಣೆಯಲ್ಲಿ ಬಾಯಿಮಾತಿನಲ್ಲಿ ವಿಚಾರಿಸಿದಾಗ, ಒಂದೇ ಊರಿನವರು, ಕೂತು ರಾಜಿ ಮಾಡಿಕೊಳ್ಳಿ ಎಂಬ ಸಲಹೆ ಬಂತು. ಹೀಗೆ ಎಲ್ಲರೂ ಕೈತೊಳೆದುಕೊಂಡಿದ್ದಾರೆ.

ಸದಸ್ಯರ ಮೇಲೆ ನನಗೆ ವೈಯಕ್ತಿಕ ದ್ವೇಷವಿಲ್ಲ. ಕಳೆದ ಬಾರಿ ನಾನು ಅವರಿಗೇ ಮತ ಹಾಕಿದ್ದೆ. ಆದರೆ ಮತ ಪಡೆದವರು ಮತ ಕೊಟ್ಟವರ ಹುಟ್ಟನ್ನು ಮೈಕಿನಲ್ಲಿ ಹಳಿದು, ಒಂದು ಸಾಲಿನ ವಿಷಾದದಿಂದ ಮುಂದಿನ ಸಭೆಗೆ ಹೋಗಿ ಕೂರಬಹುದೆಂದಾದರೆ, ಇನ್ನು ಮುಂದೆ ಆ ಬೀದಿಯಿಂದ ಯಾರೂ ಎದ್ದು ನಿಂತು ನೀರು ಕೇಳುವುದಿಲ್ಲ. ಕಾನೂನಿನಲ್ಲಿ ನಿಜವಾಗಿ ಏನಿದೆ? ಪುರಸಭೆಗೆ ಯಾವ ಹೊಣೆಯೂ ಇಲ್ಲವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ವಕೀಲರು, ಮೈಸೂರು

ಅಧ್ಯಕ್ಷರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಂಥ ಪ್ರತಿಯೊಂದು ಪ್ರಕರಣದಲ್ಲೂ ಅದೇ ಮಾತು ಅಡ್ಡ ಬರುತ್ತದೆ. ಶಾಸಕರು ಸದನದೊಳಗೆ ಆಡಿದ ಮಾತಿಗಾಗಿ ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂಬ ರಕ್ಷಣೆಯನ್ನು ಸಂವಿಧಾನದ 194ನೇ ವಿಧಿ ಕೊಟ್ಟಿದೆ. ಸಂಸದರಿಗೆ 105ನೇ ವಿಧಿಯಲ್ಲಿ ಅದೇ ರಕ್ಷಣೆಯಿದೆ. ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗಳ ಸದಸ್ಯರಿಗೆ ಸಂವಿಧಾನ ಅಂಥ ರಕ್ಷಣೆಯನ್ನು ನೀಡಿಲ್ಲ. ಆದ್ದರಿಂದ ಈ ಮಾತನ್ನು ಅವರು ಪುರಸಭೆಯ ಸಭಾಂಗಣದಲ್ಲಿ ಆಡಿದ್ದರೂ ಹೊಣೆಯಿಂದ ಪಾರಾಗುತ್ತಿರಲಿಲ್ಲ. ಇನ್ನು ಹೊರಗೆ ಆಡಿದ್ದು ಪುರಸಭೆಗೆ ಸಂಬಂಧಿಸಿದ್ದಲ್ಲ ಎಂಬ ವಾದ: ಪುರಸಭೆಯ ಕಾಮಗಾರಿಯ ಕಾರ್ಯಕ್ರಮದಲ್ಲಿ ಅವರು ವೇದಿಕೆ ಹತ್ತಿದ್ದೇ ಸದಸ್ಯರೆಂಬ ಕಾರಣಕ್ಕೆ.

ವಾಕ್ ಸ್ವಾತಂತ್ರ್ಯದ ಮಾತೂ ಬಂದೇ ಬರುತ್ತದೆ. ಉತ್ತರ ಪ್ರದೇಶದ ಸಚಿವರೊಬ್ಬರ ಹೇಳಿಕೆಯಿಂದ ಹುಟ್ಟಿದ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಜನವರಿಯಲ್ಲಿ ತೀರ್ಪು ನೀಡಿದೆ. 19(2)ನೇ ವಿಧಿಯಲ್ಲಿ ಹೇಳಿರುವ ನಿರ್ಬಂಧಗಳೇ ಅಂತಿಮ, ಮಾತನಾಡಿದವರು ಅಧಿಕಾರಸ್ಥರು ಎಂಬ ಕಾರಣಕ್ಕೆ ಅವಕ್ಕೆ ಹೊಸದನ್ನು ಸೇರಿಸಲಾಗದು ಎಂದು ನ್ಯಾಯಾಲಯ ಹೇಳಿತು. ಸಚಿವರ ಹೇಳಿಕೆಯನ್ನು ಸಾಮೂಹಿಕ ಹೊಣೆಗಾರಿಕೆಯ ಹೆಸರಿನಲ್ಲಿ ಇಡೀ ಸರ್ಕಾರದ ತಲೆಗೆ ಕಟ್ಟಲೂ ಆಗದು ಎಂದಿತು. ಆದರೆ ಅದೇ ತೀರ್ಪಿನ ಇನ್ನೊಂದು ಭಾಗವನ್ನು ಜನ ಮರೆಯುತ್ತಾರೆ. ಬರಿಯ ಹೇಳಿಕೆಯೇ ಪರಿಹಾರಕ್ಕೆ ಆಧಾರವಾಗದಿದ್ದರೂ, ಆ ಹೇಳಿಕೆಯ ಫಲವಾಗಿ ಅಧಿಕಾರಿಗಳು ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸದಿಂದ ನಾಗರಿಕರಿಗೆ ಹಾನಿಯಾದರೆ ಅದನ್ನು ಪ್ರಶ್ನಿಸಬಹುದು. ತಮ್ಮ ವಿಷಯದಲ್ಲಿ ಇದರ ಅರ್ಥ ಸ್ಪಷ್ಟ: ಆ ದಿನದ ಬಳಿಕ ಆ ಬೀದಿಗೆ ನೀರು ಯಾವ ದಿನ, ಎಷ್ಟು ಹೊತ್ತು ಬಂತು ಎಂಬುದನ್ನು ಈಗಿನಿಂದಲೇ ಬರೆದಿಡಿ.

ಈಗ ಅಪರಾಧದ ವಿಷಯಕ್ಕೆ ಬರುತ್ತೇನೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989ರ 3(1)(ಆರ್) ಉಪಪ್ರಕರಣವು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಉದ್ದೇಶಪೂರ್ವಕವಾಗಿ ಅವಮಾನಿಸುವುದನ್ನೂ, 3(1)(ಎಸ್) ಅಂಥ ಜಾಗದಲ್ಲಿ ಜಾತಿಯ ಹೆಸರು ಹಿಡಿದು ನಿಂದಿಸುವುದನ್ನೂ ಅಪರಾಧವೆನ್ನುತ್ತವೆ. ಶಿಕ್ಷೆ 6 ತಿಂಗಳಿಂದ 5 ವರ್ಷ. ನಿಂದಿಸಿದವರು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿದ್ದರೆ ಈ ಕಲಂಗಳು ಅನ್ವಯಿಸುವುದಿಲ್ಲ. ನಾಲ್ಕು ಗೋಡೆಯೊಳಗೆ, ಹೊರಗಿನವರಾರೂ ಇಲ್ಲದಾಗ ಆಡಿದ ಮಾತು ಇದರ ವ್ಯಾಪ್ತಿಗೆ ಬರುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರೂ, ಗುದ್ದಲಿ ಪೂಜೆಯ ವೇದಿಕೆಯಲ್ಲಿ ಮೈಕ್ ಹಿಡಿದು ಆಡಿದ ಮಾತಿಗೆ ಆ ಅನುಮಾನವಿಲ್ಲ. ಇಡೀ ಬೀದಿಯವರ ಬಗ್ಗೆ ಆಡಿದ ಮಾತಿಗೆ, ಆ ಸಮುದಾಯದವರ ವಿರುದ್ಧ ದ್ವೇಷ ಬೆಳೆಸುವುದನ್ನು ಕುರಿತ 3(1)(ಯು) ಅನ್ವಯಿಸುವುದೇ ಎಂದೂ ನೋಡಬೇಕು. 2018ರ ತಿದ್ದುಪಡಿಯಿಂದ ಸೇರಿದ 18ಎ ಪ್ರಕರಣದ ಪ್ರಕಾರ ಎಫ್‌ಐಆರ್ ದಾಖಲಿಸುವ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ತನಿಖೆಯನ್ನು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ನಡೆಸಬೇಕು. ರಾಜಿ ಮಾಡಿಸುವುದು ಠಾಣೆಯ ಕೆಲಸವಲ್ಲ. ಈ ಕಾಯ್ದೆಯಡಿ ತನ್ನ ಕರ್ತವ್ಯವನ್ನು ಬೇಕೆಂದೇ ನಿರ್ಲಕ್ಷಿಸುವ, ಪರಿಶಿಷ್ಟರಲ್ಲದ ಸರ್ಕಾರಿ ನೌಕರರಿಗೆ 4ನೇ ಪ್ರಕರಣದಲ್ಲಿ ಶಿಕ್ಷೆಯಿದೆ.

ಭಾರತೀಯ ನ್ಯಾಯ ಸಂಹಿತೆಯ 79ನೇ ಪ್ರಕರಣ, ಅಂದರೆ ಹಳೆಯ ದಂಡ ಸಂಹಿತೆಯ 509, ಮಹಿಳೆಯ ಮಾನಕ್ಕೆ ಧಕ್ಕೆ ತರುವ ಉದ್ದೇಶದ ಮಾತಿಗೆ ಸಂಬಂಧಿಸಿದ್ದು. ಇದರಲ್ಲಿ ಒಂದು ಎಚ್ಚರಿಕೆ ಅಗತ್ಯ. ಅವಾಚ್ಯ ಶಬ್ದಗಳಿಂದ ಬೈದರು ಎಂದಷ್ಟೇ ದೂರಿನಲ್ಲಿ ಬರೆದರೆ, ಯಾವ ಮಾತು, ಯಾವ ಸಂದರ್ಭ ಎಂಬ ವಿವರವಿಲ್ಲದೆ ಅಪರಾಧ ಸಿದ್ಧವಾಗದು ಎಂದು ಬೆಂಗಳೂರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಹಾಗಾಗಿ ಮುಜುಗರವಾದರೂ ಆಡಿದ ಮಾತುಗಳನ್ನು ಆಡಿದಂತೆಯೇ ದೂರಿನಲ್ಲಿ ಬರೆಯಬೇಕು. ಕೆಣಕುವ ಉದ್ದೇಶದ ಅವಮಾನ (352) ಮತ್ತು ಮಾನಹಾನಿ (356) ಅಸಂಜ್ಞೇಯ ಅಪರಾಧಗಳು. ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತನಿಖೆ ಮಾಡುವಂತಿಲ್ಲ. ದೂರು ಈ ಎರಡರ ಮೇಲೆಯೇ ನಿಂತರೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಮಾಡಿ ಹಿಂಬರಹ ಕೊಟ್ಟು ಕಳಿಸುವ ಸಾಧ್ಯತೆಯೇ ಹೆಚ್ಚು.

ದೂರನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 173(4)ರಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯ ಮೂಲಕ ಕಳಿಸಿ, ಅಲ್ಲಿಯೂ ಫಲವಿಲ್ಲದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದು. ವಿಡಿಯೊದ ವಿಷಯ ಮುಖ್ಯ. ಹತ್ತು ಗುಂಪು ದಾಟಿ ಬಂದ ಪ್ರತಿಗಿಂತ, ಅದನ್ನು ಚಿತ್ರೀಕರಿಸಿದವರ ಫೋನ್ ಮತ್ತು ಮೂಲ ಕಡತ ಬೇಕು. ಡಿಜಿಟಲ್ ದಾಖಲೆಗೆ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣ ಕೇಳುವ ದೃಢೀಕರಣ ಪ್ರಮಾಣಪತ್ರವಿಲ್ಲದೆ ನಕಲು ಪ್ರತಿ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಆ ವ್ಯಕ್ತಿಯನ್ನು ಹುಡುಕಿ, ಫೋನಿನಿಂದ ಅದನ್ನು ಅಳಿಸದಂತೆ ಇಂದೇ ತಿಳಿಸಿ.

ಉತ್ತರ: ನಿವೃತ್ತ ಪೌರಾಡಳಿತ ಅಧಿಕಾರಿ, ಮಂಡ್ಯ

ವಕೀಲರು ಅಪರಾಧದ ದಾರಿಯನ್ನು ಪೂರ್ಣವಾಗಿ ವಿವರಿಸಿದ್ದಾರೆ. ಪುರಸಭೆಯ ಹೊಣೆ ಎಲ್ಲಿದೆ ಎಂಬ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ; ಸೇವೆಯಲ್ಲಿದ್ದ ಕಾಲದುದ್ದಕ್ಕೂ ನನ್ನನ್ನು ಕಾಡಿದ ಪ್ರಶ್ನೆ ಅದು.

ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ 41ನೇ ಪ್ರಕರಣದ ಪ್ರಕಾರ, ಸದಸ್ಯರೊಬ್ಬರು ಕರ್ತವ್ಯ ನಿರ್ವಹಣೆಯಲ್ಲಿ ದುರ್ನಡತೆ ತೋರಿದ್ದರೆ ಅಥವಾ ನಾಚಿಕೆಗೇಡಿನ ವರ್ತನೆ ತೋರಿದ್ದರೆ, ಅವರ ಅಹವಾಲು ಕೇಳಿ, ವಿಚಾರಣೆ ನಡೆಸಿ, ಸದಸ್ಯತ್ವದಿಂದ ತೆಗೆಯುವ ಅಧಿಕಾರ ಸರ್ಕಾರಕ್ಕಿದೆ. ಪುರಸಭೆಯೂ ಇದಕ್ಕೆ ಶಿಫಾರಸು ಮಾಡಬಹುದು. ಅಂದಮೇಲೆ ಅಧ್ಯಕ್ಷರು ತಮ್ಮ ಕೈಯಲ್ಲಿ ಏನೂ ಇಲ್ಲ ಎನ್ನುವಂತಿಲ್ಲ. ಅವರು ವಿಷಯವನ್ನು ಸಭೆಯ ಮುಂದಿಡಬಹುದು, ಸಭೆ ಮಾತನಾಡಬಹುದು, ನಿರ್ಣಯ ಮಾಡಬಹುದು.

ಇದನ್ನು ಯಾರೂ ಬಳಸುವುದಿಲ್ಲ ಎಂಬುದೇ ದುಃಖದ ಸಂಗತಿ. ನಮ್ಮ ರಾಜ್ಯದಲ್ಲಿ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆ 1987ರಿಂದಲೇ ಇದೆ. ಅಧ್ಯಕ್ಷರ ಚುನಾವಣೆಯಲ್ಲಿ ವಿಪ್ ಉಲ್ಲಂಘಿಸಿ ಬೇರೆಯವರಿಗೆ ಕೈ ಎತ್ತಿದ ಸದಸ್ಯರ ಮೇಲೆ ಪಕ್ಷ ತಕ್ಷಣ ದೂರು ಕೊಡುತ್ತದೆ, ವಕೀಲರನ್ನು ಇಡುತ್ತದೆ, ಅನರ್ಹತೆಯ ಆದೇಶ ಬರುವವರೆಗೆ ಬೆನ್ನು ಬಿಡುವುದಿಲ್ಲ. ಪಕ್ಷದ ಮಾತು ಮೀರಿದ್ದಕ್ಕೆ ಸ್ಥಾನ ಹೋಗಬಹುದು; ಮತದಾರಳ ಹುಟ್ಟನ್ನು ಹಳಿದದ್ದಕ್ಕೆ ಅದೇ ಪಕ್ಷದಿಂದ ಒಂದು ನೋಟಿಸೂ ಬರುವುದಿಲ್ಲ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆಯಲ್ಲಿ ಇದೇ ಸದಸ್ಯರು ಇದೇ ಮಹಿಳೆಗೆ ಶಾಲು ಹೊದಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಇದು ಸಹಿಸಲಾಗದ ವಿಷಯ.

ನನ್ನ ಸಲಹೆ ಇಷ್ಟು. ಪುರಸಭೆಯಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ, ನಡಾವಳಿಗೆ, ಅಂದರೆ ಸಭೆಯ ಲಿಖಿತ ದಾಖಲೆಗೆ, ಬೆಲೆಯಿದೆ. ಲಿಖಿತ ಮನವಿಯನ್ನು ಅಧ್ಯಕ್ಷರಿಗೂ ಮುಖ್ಯಾಧಿಕಾರಿಗೂ ಟಪಾಲು ವಿಭಾಗದಲ್ಲಿ ಕೊಟ್ಟು, ಸಂಖ್ಯೆ ಮತ್ತು ದಿನಾಂಕವಿರುವ ಸ್ವೀಕೃತಿ ಪಡೆಯಿರಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚೆಗೆ ಇಟ್ಟು ಖಂಡನಾ ನಿರ್ಣಯ ಕೈಗೊಳ್ಳಬೇಕು ಎಂದು ಅದರಲ್ಲಿ ನೇರವಾಗಿ ಕೇಳಿ. ಒಂದು ಪ್ರತಿ ಜಿಲ್ಲಾಧಿಕಾರಿಗಳಿಗೆ, ಇನ್ನೊಂದು ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯಕ್ಕೆ ಹೋಗಲಿ. ಸಭೆಯ ನಂತರ ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಡಾವಳಿಯ ದೃಢೀಕೃತ ಪ್ರತಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಉದ್ದುದ್ದ ಬರೆದು ತಿರಸ್ಕಾರಕ್ಕೆ ಕಾರಣ ಕೊಡಬೇಡಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ನಿರ್ಣಯ ಬಿದ್ದುಹೋದರೂ ಚಿಂತೆಯಿಲ್ಲ. ಯಾರು ಪರವಾಗಿ ಮಾತನಾಡಿದರು, ಯಾರು ವಿರೋಧಿಸಿದರು, ಯಾರು ಮೌನವಾಗಿ ಕುಳಿತರು ಎಂಬುದು ದಾಖಲೆಯಾಗುತ್ತದೆ, ಮತ್ತು ಆ ಕಾಗದ ಮುಂದಿನ ಚುನಾವಣೆಯವರೆಗೂ ಉಳಿಯುತ್ತದೆ.

ಮುಖ್ಯಾಧಿಕಾರಿಗಳ ಉತ್ತರವನ್ನೂ ಒಪ್ಪಲಾಗದು. ಸದಸ್ಯರ ಮೇಲೆ ಶಿಸ್ತು ಕ್ರಮ ಅವರ ಅಧಿಕಾರದಲ್ಲಿಲ್ಲ, ಸರಿ. ಆದರೆ ಅವಮಾನಕ್ಕೆ ಒಳಗಾದವರು ಅವರ ಕಚೇರಿಯ ಕೆಲಸಗಾರರು. ಮೇಲಧಿಕಾರಿಗಳಿಗೆ ವರದಿ ಮಾಡುವುದಕ್ಕೆ ಮತ್ತು ಆಕೆಯ ಕೆಲಸಕ್ಕೆ ಇದರಿಂದ ತೊಂದರೆಯಾಗದು ಎಂದು ಲಿಖಿತ ಭರವಸೆ ನೀಡುವುದಕ್ಕೆ ಅವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಉತ್ತರ: ಮಾಜಿ ಸದಸ್ಯೆ, ಮೈಸೂರು

ಮೇಲಿನ ಇಬ್ಬರ ಉತ್ತರಗಳೂ ಉಪಯುಕ್ತವಾಗಿವೆ. ಆದರೆ ಇಷ್ಟು ಹೊತ್ತು ನಡೆದ ಮಾತಿನಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಿಲ್ಲ: ಆ ಮಹಿಳೆಗೆ ಏನು ಬೇಕು?

ಆಕೆಯ ಮನೆಗೆ ಯಾರಾದರೂ ಹೋಗಿದ್ದೀರಾ? ಆಕೆ ಕಾಯಂ ನೌಕರರೋ, ನೇರಪಾವತಿಯವರೋ (ಕಾಯಂ ಆಗದೆ ಪುರಸಭೆಯಿಂದಲೇ ನೇರವಾಗಿ ವೇತನ ಪಡೆಯುವವರು), ಹೊರಗುತ್ತಿಗೆಯವರೋ ಎಂಬುದರ ಮೇಲೆ ಆಕೆಯ ಭಯದ ಪ್ರಮಾಣ ನಿಂತಿದೆ. ಹಾಜರಾತಿ ಹಾಕುವ ಮೇಸ್ತ್ರಿ, ಕೆಲಸದ ಬೀದಿ ಹಂಚುವ ಆರೋಗ್ಯ ನಿರೀಕ್ಷಕರು, ಇವರೆಲ್ಲರೂ ದಿನಬೆಳಗಾದರೆ ಸದಸ್ಯರ ಮುಖ ನೋಡುವವರು. ನಾನು ಸದಸ್ಯೆಯಾಗಿದ್ದಾಗ ಪೌರಕಾರ್ಮಿಕ ಮಹಿಳೆಯರು ನನ್ನ ಬಳಿ ಬಂದು ಹೇಳಿಕೊಂಡ ದೂರುಗಳಲ್ಲಿ ಹೆಚ್ಚಿನವು, ಇದನ್ನು ಬರೆದುಕೊಳ್ಳಬೇಡಿ ಅಕ್ಕಾ ಎಂಬ ಮಾತಿನೊಂದಿಗೇ ಮುಗಿಯುತ್ತಿದ್ದವು. ಊರಿನ ನಾಲ್ಕು ಜನ ಸೇರಿ ಆಕೆಯ ಹೆಸರಿನಲ್ಲಿ ದೂರು ಬರೆದು, ಪತ್ರಿಕಾಗೋಷ್ಠಿ ಮಾಡಿ, ನಂತರ ಮನೆಗೆ ಹೋದರೆ, ನ್ಯಾಯಾಲಯದ ದಿನಾಂಕಗಳಿಗೆ ಕೂಲಿ ಬಿಟ್ಟು ಓಡಾಡುವವರು ಆಕೆಯೊಬ್ಬರೇ ಆಗುತ್ತಾರೆ. ದೂರು ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ಆಕೆ ಒಪ್ಪಿ, ಆಕೆಯೇ ಓದಿಸಿ ಕೇಳಿ, ಸಹಿ ಹಾಕಿದ ದೂರಾಗಿರಲಿ ಎನ್ನುತ್ತಿದ್ದೇನೆ. ಆಡಿದ ಮಾತನ್ನು ಆಡಿದಂತೆಯೇ ಬರೆಯಬೇಕು ಎಂದು ವಕೀಲರು ಹೇಳಿದ್ದು ಸರಿ. ಆ ಮಾತುಗಳನ್ನು ಆಕೆಯಿಂದ ಪುರುಷರ ಗುಂಪಿನ ನಡುವೆ ಮತ್ತೆ ಮತ್ತೆ ಹೇಳಿಸದೆ, ಒಬ್ಬ ಮಹಿಳೆ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಲಿ. ಮತ್ತು ದಯವಿಟ್ಟು ಆ ವಿಡಿಯೊ ಹಂಚುವುದನ್ನು ನಿಲ್ಲಿಸಿ. ಒಂದು ಪ್ರತಿ ಸಾಕ್ಷ್ಯಕ್ಕೆ ಸಾಕು. ಖಂಡಿಸುವ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದರೂ ಪ್ರತಿ ಬಾರಿಯೂ ಆಕೆಯ ಮುಖವೇ ಕಾಣುತ್ತದೆ.

ಕ್ಷಮೆಯ ವಿಷಯಕ್ಕೆ ಬಂದರೆ, ಯಾರಿಗಾದರೂ ನೋವಾಗಿದ್ದರೆ ಎಂಬ ಷರತ್ತಿನ ವಿಷಾದವನ್ನು ಒಪ್ಪಿಕೊಳ್ಳಬೇಡಿ. ನೋವಾಗಿದೆ, ಯಾರಿಗೆ ಎಂಬುದೂ ಎಲ್ಲರಿಗೂ ಗೊತ್ತು. ಅವಮಾನ ಮೈಕಿನಲ್ಲಿ ಆಗಿರುವಾಗ ಕ್ಷಮೆ ವಾಟ್ಸಾಪಿನಲ್ಲಿ ಮುಗಿಯಬಾರದು. ಅದೇ ಜಾಗದಲ್ಲಿ, ಜನರ ಎದುರು, ತಾನು ಆಡಿದ್ದು ತಪ್ಪು ಎಂದು ಹೇಳಿ, ಆಕೆಯನ್ನು ಬಹುವಚನದಲ್ಲಿ ಸಂಬೋಧಿಸಿ, ಆ ಬೀದಿಯವರನ್ನೂ ಸೇರಿಸಿ ಕೇಳಬೇಕು. ಆಕೆ ಬರಲು ಇಚ್ಛಿಸದಿದ್ದರೆ ಕರೆತರಬೇಡಿ.

ಜನರೇ ಮುಂದಿನ ಚುನಾವಣೆಯಲ್ಲಿ ಪಾಠ ಕಲಿಸುತ್ತಾರೆ ಎಂದು ಹೇಳುವವರೂ ಇದ್ದಾರೆ. ಮೈಸೂರು ಮಹಾನಗರ ಪಾಲಿಕೆಯ 65 ವಾರ್ಡುಗಳಿಗೆ 2018ರಲ್ಲಿ ಚುನಾವಣೆ ನಡೆಯಿತು. 2023ರ ನವೆಂಬರಿನಲ್ಲಿ ಅವಧಿ ಮುಗಿದ ಮೇಲೆ ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಯು ವಿಧಿ ಹೇಳಿದ್ದರೂ ಹೀಗಾಯಿತು. ಚುನಾವಣೆ ಸಕಾಲಕ್ಕೆ ನಡೆದರೂ ವಾರ್ಡಿನ ಮೀಸಲಾತಿ ಬದಲಾಗುತ್ತದೆ. ಇಂದು ಅವಮಾನಿಸಿದ ಸದಸ್ಯರು ನಾಳೆ ಅದೇ ಬೀದಿಗೆ ಮತ ಕೇಳಲು ಬರುತ್ತಾರೆಂಬ ಖಾತ್ರಿಯಿಲ್ಲ. ಮತದಾರರು ತಮ್ಮ ಸದಸ್ಯರನ್ನು ಅವಧಿಯ ನಡುವೆ ಹಿಂದಕ್ಕೆ ಕರೆಸಿಕೊಳ್ಳುವ ಹಕ್ಕೂ ನಮ್ಮಲ್ಲಿಲ್ಲ. ಹಾಗಾಗಿ ಐದು ವರ್ಷ ಕಾಯಿರಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಉತ್ತರ: ಉಪನ್ಯಾಸಕ, ಶ್ರೀರಂಗಪಟ್ಟಣ

ಆ ಮಾತುಗಳನ್ನು ನಾನೂ ಖಂಡಿಸುತ್ತೇನೆ. ಆದರೂ ಸದಸ್ಯತ್ವ ರದ್ದುಪಡಿಸುವ ಬೇಡಿಕೆಯ ಬಗ್ಗೆ ನನಗೆ ಗಂಭೀರ ಆಕ್ಷೇಪವಿದೆ, ಅದನ್ನು ಸ್ಪಷ್ಟವಾಗಿ ಬರೆಯಬೇಕೆನಿಸಿತು.

ಜನರು ಆರಿಸಿದವರನ್ನು ಸರ್ಕಾರ ತೆಗೆದುಹಾಕುವ ಅಧಿಕಾರ ಯಾರ ವಿರುದ್ಧ ಹೆಚ್ಚು ಬಳಕೆಯಾದೀತು ಎಂದು ಯೋಚಿಸಿ. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಗ್ರಾಮವೊಂದರ ಮಹಿಳಾ ಸರಪಂಚರನ್ನು (ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು) ಸ್ಥಾನದಿಂದ ತೆಗೆದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ರದ್ದುಪಡಿಸಿತು. ಮಹಿಳೆಯೊಬ್ಬರು ತಮಗೆ ಸರಪಂಚರಾಗಿರುವುದನ್ನು ಊರಿನವರು ಒಪ್ಪಿಕೊಳ್ಳಲಾಗದೆ ಹೋದದ್ದು ಇದರ ಹಿಂದಿದೆ ಎಂದು ನ್ಯಾಯಾಲಯವೇ ಗುರುತಿಸಿತು. ಅದೇ ರಾಜ್ಯದ ನಗರ ಸಂಸ್ಥೆಯೊಂದರ ಅಧ್ಯಕ್ಷರ ಪ್ರಕರಣದಲ್ಲಿ, 2012ರಲ್ಲಿ, ಚುನಾಯಿತರನ್ನು ತೆಗೆಯುವುದೆಂದರೆ ಅವರನ್ನು ಆರಿಸಿದವರ ಪ್ರಾತಿನಿಧ್ಯವನ್ನೂ ಕಸಿದಂತೆ, ಆದ್ದರಿಂದ ಕಾನೂನಿನ ಕಟ್ಟುನಿಟ್ಟಾದ ಪಾಲನೆಯಿಲ್ಲದೆ ಅದು ಆಗಕೂಡದು ಎಂದಿತ್ತು. ನಾಚಿಕೆಗೇಡಿನ ವರ್ತನೆ ಎಂಬ ಮಾತಿಗೆ ನಿಖರವಾದ ಎಲ್ಲೆಯಿಲ್ಲ. ನಾಳೆ ದಲಿತ ಸದಸ್ಯೆಯೊಬ್ಬರು ಶಾಸಕರನ್ನು ಸಭೆಯಲ್ಲಿ ಗಟ್ಟಿಯಾಗಿ ಪ್ರಶ್ನಿಸಿದರೆ ಅದನ್ನೂ ಇದೇ ಪ್ರಕರಣದಡಿ ತರಲು ಹೊರಡುವವರು ಹುಟ್ಟಿಕೊಳ್ಳುತ್ತಾರೆ.

ಅಪರಾಧವಾಗಿದ್ದರೆ ನ್ಯಾಯಾಲಯ ತೀರ್ಮಾನಿಸಲಿ, ಖಂಡನೆಯನ್ನು ಸಭೆ ಮಾಡಲಿ. ಸ್ಥಾನ ಕಸಿಯುವ ಬೇಡಿಕೆಯನ್ನು ಮೊದಲ ಮನವಿಯಲ್ಲೇ ಇಟ್ಟರೆ ಇಡೀ ವಿಷಯ ಪಕ್ಷಗಳ ಜಗಳವಾಗಿ ಮಾರ್ಪಟ್ಟು, ಆ ಬೀದಿಯ ನೀರಿನ ಮಾತು ಹಿಂದೆ ಬೀಳುತ್ತದೆ. ಇನ್ನೊಂದು ಅಪಾಯ, ಸದಸ್ಯರು ಮನವಿಗೆ ಸಹಿ ಹಾಕಿದವರ ಮೇಲೆಯೇ ಮಾನಹಾನಿ ದಾವೆ ಹೂಡಬಹುದು.

ಮರು ಉತ್ತರ: ನಿವೃತ್ತ ಪೌರಾಡಳಿತ ಅಧಿಕಾರಿ, ಮಂಡ್ಯ

ಉಪನ್ಯಾಸಕರ ಆತಂಕವನ್ನು ಗೌರವಿಸುತ್ತೇನೆ, ಮತ್ತು ಖಂಡನಾ ನಿರ್ಣಯವೇ ಮೊದಲ ಹೆಜ್ಜೆಯಾಗಲಿ ಎಂಬುದಕ್ಕೆ ನನ್ನ ಸಹಮತವಿದೆ. ಆದರೆ ದುರುಪಯೋಗವಾದೀತೆಂದು 41ನೇ ಪ್ರಕರಣದ ಹೆಸರನ್ನೇ ಎತ್ತದಿದ್ದರೆ, ಅದನ್ನು ದುರುಪಯೋಗ ಮಾಡುವವರ ಕೈಯಲ್ಲಿ ಮಾತ್ರ ಬಿಟ್ಟಂತಾಗುತ್ತದೆ. ಸಭೆಯಲ್ಲಿ ಗಟ್ಟಿಯಾಗಿ ಪ್ರಶ್ನಿಸುವುದಕ್ಕೂ ಮತದಾರಳ ಜಾತಿ ಎತ್ತಿ ಹಳಿಯುವುದಕ್ಕೂ ಇರುವ ವ್ಯತ್ಯಾಸ ವಿಚಾರಣೆ ನಡೆಸುವ ಯಾವ ಪ್ರಾಮಾಣಿಕ ಅಧಿಕಾರಿಗೂ ಕಾಣುವಂಥದ್ದು.

ಮರು ಉತ್ತರ: ವಕೀಲರು, ಮೈಸೂರು

ಮಾನಹಾನಿಯ ಬೆದರಿಕೆಗೆ ಹೆದರಬೇಕಾಗಿಲ್ಲ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ, ಸಾರ್ವಜನಿಕ ಹುದ್ದೆಯಲ್ಲಿರುವವರ ನಡತೆಯ ಬಗ್ಗೆ ಸದುದ್ದೇಶದ ಅಭಿಪ್ರಾಯ, ಅಧಿಕಾರವುಳ್ಳವರಿಗೆ ಸದುದ್ದೇಶದಿಂದ ಸಲ್ಲಿಸಿದ ದೂರು, ಈ ಮೂರಕ್ಕೂ 356ನೇ ಪ್ರಕರಣದಲ್ಲೇ ವಿನಾಯಿತಿಯಿದೆ. ಮನವಿಯಲ್ಲಿ ನಡೆದದ್ದನ್ನಷ್ಟೇ ಬರೆಯಿರಿ. ಸದಸ್ಯರ ಗುತ್ತಿಗೆ ವ್ಯವಹಾರ, ಕುಟುಂಬ, ಹಳೆಯ ಜಗಳ ಯಾವುದೂ ಅದರೊಳಗೆ ಬರಬಾರದು. ನೆನಪಿಡಬೇಕಾದ ಇನ್ನೊಂದು ಸಂಗತಿಯೆಂದರೆ, ಕೌಶಲ್ ಕಿಶೋರ್ ಪ್ರಕರಣದಲ್ಲಿ ಪ್ರತ್ಯೇಕ ತೀರ್ಪು ಬರೆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ತಮ್ಮವರ ಮಾತನ್ನು ನಿಯಂತ್ರಿಸುವ ನೀತಿ ಸಂಹಿತೆ ರೂಪಿಸುವುದು ರಾಜಕೀಯ ಪಕ್ಷಗಳ ಕೆಲಸ ಎಂದಿದ್ದಾರೆ. ಹಾಗಾಗಿ ಸದಸ್ಯರ ಪಕ್ಷದ ಜಿಲ್ಲಾ ಘಟಕಕ್ಕೂ ಒಂದು ಪ್ರತಿ ಕಳಿಸಿ, ಉತ್ತರ ಕೇಳಿ.

ಪ್ರಶ್ನೆ ಕೇಳಿದವರಿಂದ: ನಿವಾಸಿ, ಮಂಡ್ಯ ಜಿಲ್ಲೆ

ಎಲ್ಲರಿಗೂ ಕೃತಜ್ಞತೆಗಳು. ಮೇಡಂ ಅವರ ಉತ್ತರ ಓದಿದ ಮೇಲೆ ನನ್ನ ಪತ್ನಿ ಮತ್ತು ಪಕ್ಕದ ಮನೆಯ ಶಿಕ್ಷಕಿ ನಿನ್ನೆ ಸಂಜೆ ಆ ಮಹಿಳೆಯ ಮನೆಗೆ ಹೋಗಿ ಬಂದರು. ಅವರು ನೇರಪಾವತಿಯವರು. ಕೆಲಸದ ಭಯ ಇದೆ ಎಂದು ಒಪ್ಪಿಕೊಂಡರಂತೆ. ಆದರೆ ಬೀದಿಯವರ ಹುಟ್ಟಿನ ಬಗ್ಗೆ ಆಡಿದ ಮಾತನ್ನು ತಮ್ಮ ಮಗಳೂ ಕೇಳಿಸಿಕೊಂಡಿದ್ದಾಳೆ, ಅದಕ್ಕೆ ಸುಮ್ಮನಿರಲಾಗದು ಎಂದರಂತೆ. ಪೊಲೀಸ್ ದೂರಿನ ಬಗ್ಗೆ ಬೀದಿಯ ಹಿರಿಯರೊಂದಿಗೆ ಮಾತನಾಡಿ ತೀರ್ಮಾನಿಸುತ್ತಾರೆ. ಪುರಸಭೆಗೆ ಕೊಡುವ ಮನವಿಯಲ್ಲಿ ಮೊದಲ ಸಹಿ ತಮ್ಮದೇ ಇರಲಿ, ನೀರಿನ ವಿಷಯವೂ ಅದರಲ್ಲಿರಲಿ ಎಂದಿದ್ದಾರೆ. ಚಿತ್ರೀಕರಿಸಿದ ಹುಡುಗನೂ ಸಿಕ್ಕಿದ್ದಾನೆ, ಮೂಲ ಕಡತ ಅವನ ಫೋನಿನಲ್ಲಿದೆ.

ಒಂದು ಸಂದೇಹ ಉಳಿದಿದೆ. ನಮ್ಮ ಮನವಿಯನ್ನು ಕಾರ್ಯಸೂಚಿಗೆ ಸೇರಿಸದೆ ಕಡತದಲ್ಲೇ ಇಟ್ಟುಕೊಂಡರೆ ಏನು ಮಾಡಬೇಕು?

ಉತ್ತರ: ನಿವೃತ್ತ ಪೌರಾಡಳಿತ ಅಧಿಕಾರಿ, ಮಂಡ್ಯ

ಹಾಗೆ ಇಟ್ಟುಕೊಳ್ಳುವುದೇ ವಾಡಿಕೆ, ಆದ್ದರಿಂದ ಎರಡು ದಿಕ್ಕಿನಿಂದ ಹೋಗಿ. ನಿಮ್ಮ ಮನವಿ ಒಂದು ಕಡೆಯಿಂದ ಹೋಗಲಿ. ಇನ್ನೊಂದು ಕಡೆಯಿಂದ, ಯಾವ ಪಕ್ಷದವರಾದರೂ ಸರಿ, ಒಬ್ಬ ಸದಸ್ಯರಾದರೂ ಇದೇ ವಿಷಯವನ್ನು ಮುಂದಿನ ಸಭೆಯಲ್ಲಿ ಎತ್ತುವುದಾಗಿ ಅಧ್ಯಕ್ಷರಿಗೆ ಲಿಖಿತ ಸೂಚನೆ ಕೊಡಲಿ. ಮಹಿಳಾ ಸದಸ್ಯರನ್ನು ಮೊದಲು ಭೇಟಿ ಮಾಡಿ; ಮನೆಯಲ್ಲಿ ಗಂಡಸರಿಲ್ಲವೇ ಎಂಬ ಮಾತು ಅವರೆಲ್ಲರಿಗೂ ತಟ್ಟುತ್ತದೆ. ಸಾರ್ವಜನಿಕರ ಅರ್ಜಿಯನ್ನು ಬದಿಗಿಡುವಷ್ಟು ಸುಲಭವಾಗಿ ಸದಸ್ಯರ ಸೂಚನೆಯನ್ನು ಬದಿಗಿಡಲಾಗದು, ಇಟ್ಟರೂ ಅವರೇ ಸಭೆಯಲ್ಲಿ ಎದ್ದು ಕೇಳುತ್ತಾರೆ. ಕಾರ್ಯಸೂಚಿ ಅಂತಿಮವಾಗುವ ಮುನ್ನ ಎರಡೂ ಕಚೇರಿಗೆ ತಲುಪಿರಬೇಕು, ಮುಂದಿನ ಸಭೆಯ ದಿನಾಂಕವನ್ನು ನಾಳೆಯೇ ವಿಚಾರಿಸಿಕೊಳ್ಳಿ. ನೀರಿನ ಬೇಡಿಕೆಯನ್ನು ಮಾತ್ರ ಇದೇ ಮನವಿಯಲ್ಲಿ ಬೆರೆಸದೆ ಪ್ರತ್ಯೇಕ ಹಾಳೆಯಲ್ಲಿ ಕೊಡಿ, ಅದಕ್ಕೂ ಆಕೆಯದೇ ಮೊದಲ ಸಹಿ ಇರಲಿ. ಎರಡನ್ನೂ ಸೇರಿಸಿದರೆ ನಾಲ್ಕು ದಿನ ನೀರು ಬಿಟ್ಟು ಅರ್ಜಿ ಇತ್ಯರ್ಥವಾಗಿದೆ ಎಂದು ಷರಾ ಬರೆದುಬಿಡುತ್ತಾರೆ.